ಇಪ್ಪತ್ತು ಹೆಜ್ಜೆಯ ಬೋರಣ್ಣ

ಬೇಟೆಯ ಸಾಮಾನಿನ ಅಂಗಡಿಯ ನಟ್ಟನಡುವೆ ಮಣೆ ಹಾಕಿಕೊಂಡು ಕೂತ ಮನುಷ್ಯರನ್ನು ನಾನು ಕಂಡಿರುವುದು ಒಬ್ಬರನ್ನೇ. ಅದು ಊಟಕ್ಕೆ ಕೂರುವ ಮಣೆ. ಗೇಣೆತ್ತರದ್ದು, ಮೂಲೆಗಳೆಲ್ಲ ಸವೆದು ನುಣ್ಣಗಾಗಿತ್ತು. ಬೋರಣ್ಣ ಅದನ್ನು ಕಂಕುಳಲ್ಲಿಟ್ಟುಕೊಂಡು ಸ್ಯಾನ್ ಹೋಸೆಯ ಆ ಅಂಗಡಿಗೆ ಬಂದಿದ್ದರು. ಇನ್ನೊಂದು ಕೈಯಲ್ಲಿ ಎರಡು ಗೇಣುದ್ದದ ಓಕ್ ಮರದ ಕೋಲು. ಬಿಳಿಗಡ್ಡದ ಅಂಗಡಿಯವನು ಕ್ರಾಸ್‌ಬೋ ಎಂಬ ಅಡ್ಡಬಿಲ್ಲೊಂದನ್ನು ಗೋಡೆಯಿಂದ ಇಳಿಸಿ ಅದರ ವೇಗವನ್ನು ಹಾಡಿ ಹೊಗಳುತ್ತಿದ್ದರೆ, ಇವರು ನೆಲದಲ್ಲಿ ಮಣೆ ಹಾಕಿ ಕೂತು, ಒಂದು ಮಂಡಿ ಎತ್ತಿ, ಬಿಲ್ಲನ್ನು ಭುಜಕ್ಕೊತ್ತಿಕೊಂಡು ಕಣ್ಣು ಮುಚ್ಚಿಬಿಟ್ಟರು.

"ಅಣ್ಣ, ಎಲ್ಲರೂ ನಮ್ಮನ್ನೇ ನೋಡ್ತಿದಾರೆ," ಎಂದೆ.

"ನೋಡ್ಲಿ ಬುಡವ್ವ. ನಾನು ಕುಂತ್ಕೊಂಡು ಹೊಡಿಯೋನು. ನಿಂತ್ಕೊಂಡು ಆರಿಸುದ್ರೆ ಏನ್ ಬಂತು?"

ಬೋರಣ್ಣ ಮಳವಳ್ಳಿ ಕಡೆಯವರು. ಸ್ಯಾನ್ ಹೋಸೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮುಂದೆ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ಹೆಂಡತಿ ಸಾವಿತ್ರಕ್ಕನ ಜೊತೆ ಗಿಲ್‌ರಾಯ್‌ನಲ್ಲಿ ನೆಲೆಸಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಕಂಡುಹಿಡಿಯುವ ಕೈ ಅವರದು. ಯಾರ ಮನೆಗೆ ಹೋದರೂ ಬಾಗಿಲಿನ ಕೀಲು ಅಲ್ಲಾಡಿಸಿ ನೋಡಿದ ಮೇಲೆಯೇ ಒಳಗೆ ಕಾಲಿಡುತ್ತಿದ್ದರು.

ಮಾರ್ಗನ್ ಹಿಲ್‌ನ ನಮ್ಮ ಮನೆಗೆ ಅವರು ಮೊದಲು ಬಂದದ್ದು ಹಂದಿಗಳ ದೆಸೆಯಿಂದ. ಗುಡ್ಡದಿಂದ ಇಳಿದ ಕಾಡುಹಂದಿಗಳು ನಮ್ಮ ಹಿತ್ತಲಿನ ಲಾನನ್ನೂ ನನ್ನ ಅವರೆ ಪಾತಿಯನ್ನೂ ಉತ್ತುಹಾಕಿದ್ದವು. ಎಲ್ಲರೂ ಅಡಿಗೆ ತಂದು ಹಂಚಿಕೊಳ್ಳುವ ಯುಗಾದಿ ಪಾಟ್‌ಲಕ್ಕಿನಲ್ಲಿ ನಾನು ಗೋಳಾಡಿದ್ದನ್ನು ಕೇಳಿ ಯಾರೋ ಅವರ ನಂಬರು ಕೊಟ್ಟರು. ಬಂದವರು ಮಣ್ಣನ್ನು ಬಗ್ಗಿ ನೋಡಿ, "ಐದು ಬಂದವೆ. ಒಂದು ತಾಯಿ, ನಾಕು ಮರಿ," ಎಂದರು. ಹೊಡೆಯುತ್ತೀರಾ ಎಂದು ಕೇಳಿದೆ. "ಮರಿ ಇರೋ ತಾಯ್ನ ಹೊಡಿಯಕ್ಕೆ ನನ್ನ ಕರೆದ್ಯಾ? ಬೇಲಿ ಹಾಕ್ಸು," ಎಂದು ಬೈದರು. ಬೈದ ಬಾಯಲ್ಲೇ ಬೇಲಿಯ ಅಳತೆಯನ್ನೂ ಹೇಳಿದರು. ನನಗೆ ಅವರು ಹಿಡಿಸಿಬಿಟ್ಟರು. ವರ್ಷ ತುಂಬುವುದರೊಳಗೆ ನಾನೂ ಬೇಟೆಯ ತರಗತಿ ಮುಗಿಸಿ, ಪರೀಕ್ಷೆ ಬರೆದು, ಲೈಸೆನ್ಸು ಮಾಡಿಸಿಕೊಂಡು ಅವರ ಹಿಂದೆ ಹಿಂದೆ ಸುತ್ತತೊಡಗಿದ್ದೆ. ನನ್ನ ಗಂಡ ಇದಕ್ಕೆ ನಕ್ಕ ಅಷ್ಟೆ.

ಗಿಲ್‌ರಾಯ್‌ನಿಂದ ಪೂರ್ವಕ್ಕೆ, ಪರಿಚಯದವರೊಬ್ಬರ ರಾಂಚಿನಲ್ಲಿ, ಅಂದರೆ ದನ ಮೇಯಿಸುವ ದೊಡ್ಡ ಜಮೀನಿನಲ್ಲಿ, ಬೋರಣ್ಣನ ಜಾಗವಿತ್ತು. ಅಕ್ಕಪಕ್ಕ ಬೆಳೆದ ಎರಡು ಓಕ್ ಮರ, ಅವುಗಳ ನಡುವೆ ಒಂದು ಸಂದು. ಸಂದಿನ ಹಿಂದೆ ಮಣೆ ಹಾಕಿ ಕೂತರೆ ಮುಂದೆ ಹಂದಿಗಳು ನೀರಿಗೆ ಇಳಿಯುವ ದಾರಿ. ಮರದಿಂದ ಇಪ್ಪತ್ತು ಹೆಜ್ಜೆಗೆ ಸುಣ್ಣ ಬಳಿದ ಒಂದು ಕಲ್ಲು. ಕಲ್ಲಿನ ಆಚೆ ಎಷ್ಟು ದೊಡ್ಡ ಹಂದಿ ಬಂದರೂ ಬೋರಣ್ಣ ಬಿಲ್ಲು ಎತ್ತುತ್ತಿರಲಿಲ್ಲ.

ಆ ಕಲ್ಲಿಗೊಂದು ಕಥೆಯಿತ್ತು. ನಾನು ಪರಿಚಯವಾಗುವುದಕ್ಕೂ ಬಹಳ ಹಿಂದೆ ಅವರು ದೂರದಿಂದ ಒಂದು ಹಂದಿಗೆ ಬಾಣ ಬಿಟ್ಟಿದ್ದರಂತೆ. ಬಾಣ ಹೊಟ್ಟೆಗೆ ತಗುಲಿ ಹಂದಿ ಓಡಿತು. ಶನಿವಾರ, ಭಾನುವಾರ ಹಳ್ಳಕೊಳ್ಳವೆಲ್ಲ ಹುಡುಕಿ, ಸೋಮವಾರ ಕೆಲಸಕ್ಕೂ ಹೋಗದೆ ಹುಡುಕಿದರೂ ಸಿಗಲಿಲ್ಲ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. "ಮಾತು ಆಡುದ್ರೆ ಹೋಯ್ತು, ಮುತ್ತು ಒಡುದ್ರೆ ಹೋಯ್ತು ಅಂತಾರೆ. ಬಾಣಾನೂ ಹಂಗೇ ಕಣವ್ವ. ಕೊಂದು ತಿನ್ನೋದು ಬೇರೆ. ಗಾಯ ಮಾಡಿ ಬುಟ್ಟುಬುಡೋದೈತಲ್ಲ, ಅದ್ನ ಯಾವ ದೇವ್ರೂ ಕ್ಷಮ್ಸಕಿಲ್ಲ." ಮರುವಾರವೇ ಹೋಗಿ ಕಲ್ಲು ನೆಟ್ಟು ಬಂದರಂತೆ.

ಬೇಟೆಯಿಂದ ಬರಿಗೈಲಿ ಬರುವುದೇ ಹೆಚ್ಚು. ಆದ್ದರಿಂದ ಸಾವಿತ್ರಕ್ಕ ಬೇಟೆಯ ದಿನ ತಪ್ಪದೆ ಸೊಪ್ಪಿನ ಸಾರು ಮಾಡಿಡುತ್ತಿದ್ದರು. ಹಂದಿ ಕಣ್ಣಿಗೆ ಕಾಣುವ ಮೊದಲೇ ಮಸಾಲೆ ಅರೆದರೆ ಬೇಟೆ ಕೈತಪ್ಪುತ್ತದೆ ಎನ್ನುವುದು ಅವರ ನಂಬಿಕೆ. ಮನೆಗೆ ಬಂದ ಕೂಡಲೇ ಬೋರಣ್ಣ ಒಲೆಯ ಮುಂದೆ ನಿಂತು, ಬಂದಿತ್ತೋ ಇಲ್ಲವೋ, ಎಷ್ಟು ದೂರದಲ್ಲಿತ್ತು, ಯಾಕೆ ಬಾಣ ಬಿಡಲಿಲ್ಲ ಎಂದೆಲ್ಲ ಹೆಂಡತಿಗೆ ಒಪ್ಪಿಸಬೇಕು. ತಪ್ಪಿದ್ದರೆ ತಪ್ಪಿದೆ ಎನ್ನಬೇಕು. "ಬೇಟೆಗಾರ್ನಿಗೆ ಕಣ್ಣು ಆಮೇಕೆ. ಮೊದ್ಲು ಬಾಯಿ ನೆಟ್ಟಗಿರ್ಬೇಕು," ಎನ್ನುತ್ತಿದ್ದರು ಬೋರಣ್ಣ. ನನಗೆ ನಗು ಬರುತ್ತಿತ್ತು. ಆಫೀಸಿನ ಮೀಟಿಂಗುಗಳಲ್ಲಿ ಹದಗೆಟ್ಟ ಕೆಲಸಕ್ಕೂ ದಿನಕ್ಕೆ ಹತ್ತು ಸಲ "ಚೆನ್ನಾಗಿದೆ" ಎನ್ನುವವಳು ನಾನು.

ಎರಡು ವರ್ಷದ ಹಿಂದೆ ಅವರ ಬಲ ಭುಜಕ್ಕೆ ಆಪರೇಷನ್ ಆಯಿತು. ಇನ್ನು ಬಿಲ್ಲು ಎಳೆಯುವಂತಿಲ್ಲ ಎಂದರು ಡಾಕ್ಟರು. ಕ್ರಾಸ್‌ಬೋ ಆದರೆ ಹೆದೆಯನ್ನು ಮೊದಲೇ ಎಳೆದು ಕೊಕ್ಕೆಗೆ ಸಿಕ್ಕಿಸಿಟ್ಟುಕೊಂಡು, ಹಂದಿ ಬಂದಾಗ ಬಂದೂಕಿನ ಹಾಗೆ ಟ್ರಿಗರ್ ಒತ್ತಿದರಾಯಿತು. "ಅದು ಬಿಲ್ಲಲ್ಲ, ಬಂದೂಕಿನ ತಮ್ಮ," ಎಂದು ಮೂಗು ಮುರಿದರು. ಮೂರು ತಿಂಗಳು ಮನೆಯಲ್ಲಿ ಕೂತು ಸಾವಿತ್ರಕ್ಕನ ಡಬ್ಬಿಗಳನ್ನೆಲ್ಲ ರಿಪೇರಿ ಮಾಡಿದ ಮೇಲೆ ಅವರೇ ಫೋನು ಮಾಡಿದರು. "ಬಾರವ್ವ, ಒಂದು ಅಡ್ಡಬಿಲ್ಲು ನೋಡ್ಕೊಂಡು ಬರಾಣ."

ಹಾಗೆ ಹೋದದ್ದು ಮಣೆ ಮತ್ತು ಕೋಲು ಹಿಡಿದುಕೊಂಡು. ಕೋಲು ಆ ಎರಡು ಮರಗಳ ಸಂದಿನ ಅಳತೆ. ಹೆದೆ ಎಳೆದಾಗ ಬಿಲ್ಲಿನ ಎರಡು ರೆಕ್ಕೆಗಳ ಅಗಲ ಆ ಕೋಲಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಮರಕ್ಕೆ ಬಡಿಯುತ್ತದೆ. ಕೋಲು ಹಿಡಿದು ನೋಡಿಯೇ ಅರ್ಧ ಗೋಡೆಯ ಬಿಲ್ಲುಗಳನ್ನು ಅವರು ತಳ್ಳಿಹಾಕಿದರು. ಇದು ಎಂಬತ್ತು ಗಜ ದೂರಕ್ಕೂ ಹೊಡೆಯುತ್ತದೆ ಎಂದು ಅಂಗಡಿಯವನು ಹೇಳಿದಾಗ ತಮ್ಮ ವರ್ಕ್‌ಶಾಪಿನ ಇಂಗ್ಲಿಷಿನಲ್ಲಿ, "ನನಗೆ ಇಪ್ಪತ್ತು ಹೆಜ್ಜೆ ಸಾಕು. ಉಳಿದ ಅರವತ್ತು ನೀನೇ ಇಟ್ಟುಕೋ," ಎಂದರು. ಅವನು ಗಡ್ಡ ನೀವಿಕೊಂಡು ನಕ್ಕ.

ಕೊನೆಗೆ ಎರಡು ಉಳಿದವು. ಒಂದಕ್ಕೆ ಹಿಡಿ ತಿರುಗಿಸಿದರೆ ಹೆದೆ ತಾನಾಗಿ ಏರುವ ಯಂತ್ರವಿತ್ತು, ಭುಜಕ್ಕೆ ಏನೇನೂ ಶ್ರಮವಿಲ್ಲ. ಇನ್ನೊಂದು ಚಿಕ್ಕದು, ಹಗುರ. ಆದರೆ ಮುಂದಿನ ಕಬ್ಬಿಣದ ಬಳೆಗೆ ಪಾದ ಕೊಟ್ಟು, ಎರಡು ಹಿಡಿಯ ಹಗ್ಗದಿಂದ ಹೆದೆಯನ್ನು ಕೈಯಾರೆ ಎಳೆಯಬೇಕು. ಅಂಗಡಿಯ ಹಿಂದೆ ಗುರಿ ಅಭ್ಯಾಸಕ್ಕಿದ್ದ ಓಣಿಯಲ್ಲಿ ಚಿಕ್ಕದನ್ನು ನನ್ನ ಕೈಯಲ್ಲಿ ಎಳೆಸಿದರು, ಮಣೆಯ ಮೇಲೆ ನನ್ನನ್ನೇ ಕೂರಿಸಿದರು. "ಹೊರಗಿಂದ ಎಂಗೆ ಕಾಣ್ತದೆ ನೋಡ್ತೀನಿ, ಕುಂತ್ಕೊ," ಎಂದರು. ನಾನು ಐದಡಿಗೆ ಸ್ವಲ್ಪ ಕಡಿಮೆ. ಬಿಲ್ಲು ಹೇಳಿ ಮಾಡಿಸಿದ ಹಾಗೆ ಭುಜಕ್ಕೆ ಕೂತಿತು. ಆಮೇಲೆ ಅವರು ಕೂತರು. ಪಕ್ಕದಲ್ಲಿ ನಿಂತಿದ್ದ ನನಗೆ ಬಾಣದ ತುದಿ ಕಂಡಿತು. ಅದು ಒಂದೆಡೆ ನಿಲ್ಲುತ್ತಿರಲಿಲ್ಲ. ಭುಜದ ನೋವಿನ ನಡುಕವಲ್ಲ ಅದು, ಬಲಗೈಯೇ ಸಣ್ಣಗೆ, ಬಿಡದೆ ಅದುರುತ್ತಿತ್ತು.

ಫ್ರೀವೇಯಲ್ಲಿ ದಕ್ಷಿಣಕ್ಕೆ ವಾಪಸಾಗುತ್ತಿದ್ದಾಗ ಅವರು ಕಿಟಕಿಯಾಚೆ ನೋಡುತ್ತಲೇ ಕೇಳಿದರು. "ನನ್ನ ಕೈ ನಡುಗ್ತಿತ್ತಾ? ನಿಜ ಹೇಳವ್ವ."

"ಇಲ್ಲಪ್ಪ, ಚೆನ್ನಾಗೇ ಇತ್ತಲ್ಲ ಅಣ್ಣ," ಎಂದೆ. ಮೀಟಿಂಗಿನ ಬಾಯಿ.

"ಹೂಂ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಆ ಚಿಕ್ಕದನ್ನೇ ತಗೊಳಾಣ," ಎಂದರು. ನನಗೆ ರೇಗಿತು. ತಾನೇ ಹೂಡಲಾಗದ ಬಿಲ್ಲನ್ನು ಮುಟ್ಟಬಾರದು ಎಂದು ನನಗೆ ಪಾಠ ಹೇಳಿದವರೇ ಅವರು. ಯಂತ್ರದ್ದನ್ನು ಬಿಟ್ಟು ಹಗ್ಗದ್ದು ಯಾಕೆ ಎಂದು ಜಗಳ ತೆಗೆದೆ. "ಯಂತ್ರ ಕಟಕಟ ಅಂತದೆ, ಹಂದಿ ಓಡೋಯ್ತದೆ," ಎಂದರು. ಹಂದಿ ಬರುವ ಎಷ್ಟೋ ಮೊದಲೇ ಹೂಡಿಡುವ ಬಿಲ್ಲಿಗೆ ಅದೆಂಥ ನೆಪವೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮರುವಾರ ಚಿಕ್ಕದನ್ನೇ ಕೊಂಡು ತಂದೆವು. ಮಳೆ ಬಿದ್ದು ಗುಡ್ಡಗಳು ಹಸುರಾದ ಮೇಲೆ ಒಂದು ಬೆಳಿಗ್ಗೆ ರಾಂಚಿಗೆ ಹೋದೆವು. ಹೆದೆಯನ್ನು ನಾನೇ ಏರಿಸಿಕೊಟ್ಟೆ. ಬೋರಣ್ಣ ಮಣೆಯ ಮೇಲೆ ಕೂತರು, ನಾನು ಅವರ ಹಿಂದೆ. ಹೊತ್ತು ಏರುವಷ್ಟರಲ್ಲಿ ಒಂಟಿ ಗಂಡುಹಂದಿಯೊಂದು ಮೂಸುತ್ತ ಬಂತು. ಕಲ್ಲು ದಾಟಿ ಈಚೆಗೂ ಬಂತು. ಪಕ್ಕೆ ತಿರುಗಿಸಿ ನಿಂತಿತು. ಬೋರಣ್ಣ ಬಿಲ್ಲು ಎತ್ತಿದರು. ಬಾಣದ ತುದಿ ಅಂಗಡಿಯಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿ ಅದುರುತ್ತಿತ್ತು. ಆಗ ನನಗೆ ಭಯವಾಯಿತು. ನನ್ನ ಮಾತು ನಂಬಿ ಇವರು ಬಿಟ್ಟುಬಿಟ್ಟರೆ? ಆ ಹಳೆಯ ಹಂದಿಯ ಜೊತೆಗೆ ಇನ್ನೊಂದನ್ನು ಈ ಮನುಷ್ಯ ಸಾಯುವ ತನಕ ಹುಡುಕಬೇಕಾದೀತು.

ಅವರು ಬಿಡಲಿಲ್ಲ. ನಿಧಾನಕ್ಕೆ ಬಿಲ್ಲು ಇಳಿಸಿದರು. ಹಂದಿ ನೀರು ಕುಡಿದು ತನ್ನ ಪಾಡಿಗೆ ಹೋಯಿತು.

"ನಿಂಗೆ ಅವತ್ತೇ ಕಂಡಿತ್ತು, ಅಲ್ವೇನವ್ವ?" ಎಂದರು.

ನಾನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂತು.

"ನಂಗೆ ಬೇಜಾರಾಯ್ತದೆ ಅಂತ ನೀನು ಸುಳ್ಳಂದೆ. ಆ ಸುಳ್ಳು ನಂಬಿ ನಾನು ಬುಟ್ಟಿದ್ರೆ ನೋವು ನಂಗೂ ಅಲ್ಲ, ನಿಂಗೂ ಅಲ್ಲ, ಅದಕ್ಕೆ." ಹಂದಿ ಹೋದ ದಾರಿಯತ್ತ ಕೈ ತೋರಿಸಿದರು. ಗದರಿಸುವ ದನಿಯಲ್ಲ. ಅದೇ ಹೆಚ್ಚು ನೋಯಿಸಿತು. ಆಮೇಲೆ ಎದ್ದು, ಬಿಲ್ಲನ್ನು ನನ್ನ ತೊಡೆಯ ಮೇಲಿಟ್ಟರು. "ಇದು ನಿನ್ನ ಅಳತೆದು. ನನ್ನ ಕೈ ಸುದ್ದಿ ನಂಗೆ ಅಂಗಡಿಗೆ ಹೋಗೋ ಮೊದ್ಲೇ ಗೊತ್ತಿತ್ತು. ಆದ್ರೂ ಒಂದ್ಸಲ ಕುಂತು ನೋಡಾಣ ಅಂತ ಆಸೆ. ಆಸೆ ಬುಡಬೇಕಲ್ಲ."

ಅದೇ ಅವರು ಕೊನೆಯ ಸಲ ಆ ಮಣೆಯ ಮೇಲೆ ಕೂತದ್ದು. ನಡುಕ ಕೈಯಿಂದ ಕಾಲಿಗಿಳಿಯಿತು, ಆಮೇಲೆ ಮಾತಿಗೆ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ದಿನ ಮುಂಚೆ ನಾನು ನೋಡಲು ಹೋದಾಗಲೂ ಬಿಲ್ಲಿನ ಹೆದೆಗೆ ಮೇಣ ಸವರಿದೆಯಾ ಎಂದು ಸನ್ನೆಯಲ್ಲಿ ಕೇಳಿದರು. ಸವರಿರಲಿಲ್ಲ. ಇಲ್ಲ ಎಂದೆ. ಅವರ ಮುಖದಲ್ಲಿ ಸಣ್ಣ ನಗು ಕಂಡ ಹಾಗಾಯಿತು.

ಈ ವಸಂತದಲ್ಲಿ, ರಾಂಚಿನವರ ಒಪ್ಪಿಗೆ ಕೇಳಿ, ನಾನೊಬ್ಬಳೇ ಹೋದೆ. ಸಾವಿತ್ರಕ್ಕ ಮಣೆ ಕೊಟ್ಟು ಕಳಿಸಿದ್ದರು. ಬಿಲ್ಲು ಸಂದಿನಲ್ಲಿ ಸಲೀಸಾಗಿ ತೂರಿತು. ಬಿಸಿಲು ಏರುವ ಮೊದಲೇ ಹಂದಿ ಬಂತು. ಕಲ್ಲಿಗಿಂತ ನಾಲ್ಕು ಹೆಜ್ಜೆ ಈಚೆಗೇ ನಿಂತಿತು. ಇಷ್ಟು ಹತ್ತಿರದಲ್ಲಿ ತಪ್ಪುವ ಮಾತೇ ಇಲ್ಲ ಎಂದುಕೊಂಡು ಬಿಲ್ಲು ಎತ್ತಿದೆ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ, ಆಮೇಲೆ ಇಳಿಸಿದೆ.

ಗಿಲ್‌ರಾಯ್‌ನ ಮನೆ ತಲುಪುವವರೆಗೂ ಏನು ಹೇಳಲಿ ಎಂದು ಯೋಚಿಸಿದೆ. ಹಂದಿ ಬರಲೇ ಇಲ್ಲ ಎಂದರೆ ಯಾರು ನೋಡಿದವರು? ಒಲೆಯ ಮುಂದೆ ಹೋಗಿ ನಿಂತೆ. ಸಾವಿತ್ರಕ್ಕ ತಿರುಗಿ ನೋಡಿದರು.

"ಬಂದಿತ್ತು ಅಕ್ಕ. ಕಲ್ಲಿಗಿಂತ ಈಚೆಗೇ ಇತ್ತು. ನನ್ನ ಕೈ ನಡುಗ್ತಿತ್ತು. ಬಿಡ್ಲಿಲ್ಲ," ಎಂದೆ.

ಸಾವಿತ್ರಕ್ಕ ನನ್ನ ಕಂಕುಳಿಂದ ಮಣೆ ಇಸಿದುಕೊಂಡು, ಸೆರಗಿನಿಂದ ಮಣ್ಣೊರೆಸಿ, ಒಲೆಯ ಪಕ್ಕದಲ್ಲಿ ಹಾಕಿದರು.

"ಕುಂತ್ಕೊ," ಎಂದರು. "ಸೊಪ್ಪಿನ ಸಾರು ಮಾಡಿವ್ನಿ."