ರಸ್ತೆಯಿಂದ ಕಂಡ ಕಾಡು

ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದ ಕಾಲದಲ್ಲಿ ಹಾನುಬಾಳಿನ ಕಡೆ ಗ್ರಾಮಲೆಕ್ಕಿಗರೊಬ್ಬರಿದ್ದರು. ಯಾರ ಜಮೀನಿನಲ್ಲಿ ಏನು ಬೆಳೆಯಿದೆಯೆಂದು ನೋಡಿ ಬರೆಯುವುದು ಅವರ ಕೆಲಸ. ಆದರೆ ರಕ್ತ ಹೀರುವ ಇಂಬಳ ಕಚ್ಚುತ್ತದೆಂದು ಜೀಪಿನಿಂದ ಇಳಿಯುತ್ತಿರಲಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡು, ಕೂತಲ್ಲಿಂದಲೇ ಕತ್ತು ಚಾಚುತ್ತಿದ್ದರು. ರಸ್ತೆಯಿಂದ ನನ್ನ ತೋಟದ ನೆರಳಿನ ಮರಗಳಷ್ಟೇ ಕಂಡವು, ಕೆಳಗಿನ ಕಾಫಿ ಗಿಡ ಕಾಣಲಿಲ್ಲ. ‘ಕಾಡು’ ಎಂದು ಬರೆದುಬಿಟ್ಟರು.

ಒಂದು ಸೀನು ಬಂದರೂ ಉಯಿಲು ಬರೆಯಲು ಯೋಚಿಸುವ ಆಸಾಮಿ ನಾನು. ಅರಣ್ಯದವರು ಬಂದು ತೋಟ ಕಿತ್ತುಕೊಂಡರೆ ಎಂದು ಊಟ ಬಿಟ್ಟೆ. ಕೈಕಾಲು ಹಿಡಿದು ಅವರನ್ನು ಮತ್ತೆ ಕರೆಸಿದೆ.

“ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣ್ರೀ,” ಎಂದರು. ಎಲ್ಲದಕ್ಕೂ ಅವರದು ಅದೊಂದೇ ಮಾತು.

“ಒಂದ್ಸಲ ಇಳಿದು ನೋಡ್ಬುಡಿ ಸಾರ್, ಒಳಗೆಲ್ಲ ಕಾಫಿನೇ ಐತೆ.”

“ಇಂಬಳನೂ ಐತಲ್ಲ ಮಾರಾಯ್ರೇ!”

ನನ್ನ ಹೆಂಡತಿ ಜೀಪಿಗೇ ಕಾಫಿ ತಂದುಕೊಟ್ಟಳು. ಕಣ್ಣು ಮುಚ್ಚಿ ಗುಟುಕರಿಸಿದರು.

“ಆಹಾ! ಎಲ್ಲೀದಮ್ಮ ಈ ಕಾಫಿ?”

“ನೀವು ಬರೆದ್ರಲ್ಲ, ಆ ಕಾಡಿಂದು,” ಎಂದಳು ಅವಳು.

ಅವರು ಗಂಭೀರವಾಗಿ ತಲೆಯಾಡಿಸಿದರು. “ಅದಕ್ಕೇ ಮತ್ತೆ! ಕಾಡು ಕಾಫಿ ರುಚಿನೇ ಬೇರೆ ಕಣ್ರೀ. ಇನ್ನೊಂದು ಲೋಟ ಕೊಡಿ.”

ಹೆಂಡತಿ ಸಿಟ್ಟಿನಿಂದ ದಡಬಡನೆ ಒಳಗೆ ಹೋಗಿಬಿಟ್ಟಳು. ಇನ್ನೊಂದು ಲೋಟ ತಂದುಕೊಟ್ಟವನು ನಾನೇ, ಅದೂ ಸಕ್ಕರೆ ಮುಂದಾಗಿ.