ರುಮಾಲು ಬದಲಾದ ಗಂಟುಗಳು

ಬೇವೂರಿನ ಹೊಳಿಯಮ್ಮ ಒಂದೇ ಸರ್ಕಾರಿ ಇಲಾಖೆಯಲ್ಲಿ ಹತ್ತು ವರ್ಷ ಕಸ ಹೊಡೆದಳು. ಮೊದಲ ಮೂರು ವರ್ಷ ಯಲಬುರ್ಗಿ, ಆಮೇಲೆ ಕುಷ್ಟಗಿ, ಗಂಗಾವತಿ, ಕೊನೆಗೆ ಕೊಪ್ಪಳ. ಹೋದಲ್ಲೆಲ್ಲ ದಿನಗೂಲಿ. ಎಂಬತ್ನಾಲ್ಕರ ಬೇಸಿಗೆಯಲ್ಲಿ ಸುದ್ದಿ ಬಂತು: ಹತ್ತು ವರ್ಷ ತುಂಬಿದವರನ್ನು ಖಾಯಂ ಮಾಡುತ್ತಾರೆ, ಅಷ್ಟೂ ವರ್ಷದ ಹಾಜರಿ ಪಟ್ಟಿ ತೋರಿಸಬೇಕು, ಶನಿವಾರ ಹೆಸರುಗಳು ಮೇಲಕ್ಕೆ ಹೋಗುತ್ತವೆ. ಅವತ್ತು ಬುಧವಾರ.

ಉಳಿದ ಊರುಗಳ ಪಟ್ಟಿ ಸಿಕ್ಕವು. ಯಲಬುರ್ಗಿಯಲ್ಲಿ ಮಾತ್ರ ಹಿಂದೊಮ್ಮೆ ಮಳೆಗೆ ಗೋಡೆ ಕುಸಿದು ಹಳೆಯ ಕಾಗದವೆಲ್ಲ ಮಣ್ಣಾಗಿತ್ತು. ಆದರೆ ಪ್ರತಿ ಊರಿನ ಪಟ್ಟಿಗೂ ಒಂದು ನಕಲು ಕೊಪ್ಪಳದಲ್ಲಿ, ಹಳೆಯ ಕಾಗದ ಇಡುವ ದಫ್ತರ ಕೋಣೆಯಲ್ಲಿರುತ್ತಿತ್ತು.

ಆ ಕೋಣೆ ನೋಡಿಕೊಳ್ಳುವ ಮೆಹಬೂಬಸಾಬ ಗಂಟುಗಳ ನಂಬರು ಬರೆದಿಟ್ಟ ಪುಸ್ತಕ ತೆರೆದ. ಯಲಬುರ್ಗಿ ಹಾಜರಿ, ಇಪ್ಪತ್ತೊಂದನೇ ಗಂಟು. ಕಾಗದ ಸುತ್ತಿ ಕಟ್ಟಿದ ರುಮಾಲಿನ ಮೂಲೆಯಲ್ಲಿ ಅಳಿಸದ ಮಸಿಯಲ್ಲಿ ಅದೇ ನಂಬರು. ಬಿಚ್ಚಿದರೆ ಒಳಗೆ ಜೀಪಿನ ಪೆಟ್ರೋಲು ಚೀಟಿಗಳು! ಪಕ್ಕದ ಗಂಟಿನಲ್ಲೂ ಬೇರೆ ಯಾವುದೋ ಕಾಗದ.

“ಯಕ್ಕಾ, ಪುಸ್ತಕ ಒಂದ ಹೇಳ್ತೈತಿ, ಗಂಟು ಇನ್ನೊಂದ ಹೇಳ್ತೈತಿ. ಯಾವ ಸೈತಾನನ ಕೆಲಸಾನೋ ಇದು!”

ಯಾರ ಕೆಲಸವೆಂದು ಹೊಳಿಯಮ್ಮನಿಗೆ ಗೊತ್ತಾಯಿತು. ಮೂರು ವರ್ಷದ ಹಿಂದೆ ದೊಡ್ಡ ಸಾಹೇಬರು ಬರುತ್ತಾರೆಂದು ಹೆಡ್ ಕ್ಲಾರ್ಕ್ ಅಮರಪ್ಪ ರುಮಾಲುಗಳನ್ನೆಲ್ಲ ಒಗೆಯಲು ಹೇಳಿದ್ದರು. ನಲವತ್ತು ರುಮಾಲು ಕೆರೆಗೆ ಹೊತ್ತು, ಕಲ್ಲಿಗೆ ಬಡಿದು, ಒಣಗಿಸಿ ತಂದಿದ್ದಳು. ಅಷ್ಟರಲ್ಲಿ ಬಿಚ್ಚಿಟ್ಟ ಕಾಗದಗಳೂ ಅಲ್ಲಲ್ಲಿ ಒಂದರೊಳಗೊಂದು ಸೇರಿದ್ದವು. ಅಕ್ಷರ, ಅಂಕಿ ಯಾವುದೂ ಬಾರದ ಆಕೆ ದಪ್ಪ ಗಂಟಿಗೆ ದೊಡ್ಡ ರುಮಾಲು, ಸಣ್ಣದಕ್ಕೆ ಸಣ್ಣದು ಅಂತ ಹೊಂದಿಸಿ ಕಟ್ಟಿದ್ದಳು. ಅಮರಪ್ಪ ಮೆಚ್ಚಿಕೊಂಡಿದ್ದರು. ಹಳೆಯ ಕಾಗದ, ಮತ್ತೆ ಯಾರೂ ಬಿಚ್ಚಿರಲಿಲ್ಲ.

ಹೇಳಿದರೆ ಇದ್ದ ಕೂಲಿಯೂ ಹೋದೀತು. ಹೇಳದಿದ್ದರೆ ಈತ ಎಲ್ಲಿ ಅಂತ ಹುಡುಕಬೇಕು?

“ಸಾಬರ, ಆ ಸೈತಾನ ನಾನರೀ,” ಎಂದು ಎಲ್ಲ ಹೇಳಿದಳು.

ಮೆಹಬೂಬಸಾಬ ನಕ್ಕ. ನಗುತ್ತಲೇ ನೆಲಕ್ಕೆ ಕೂತ. “ಹಂಗಾರ ನಲವತ್ತೂ ಬಿಚ್ಚಬೇಕಲ್ಲ ಯಕ್ಕಾ.”

ಬಾಗಿಲಲ್ಲಿ ನಿಂತಿದ್ದ ಅಮರಪ್ಪ ಕೂಗಿದರು: “ಓದಾಕ ಬರದಾಕಿ ಕೈಯಾಗ ದಫ್ತರ ಕೊಟ್ರ ಹಿಂಗ ಆಗೂದು!”

“ಒಗಿ ಅಂದವ್ರು ಯಾರ್ರೀ, ಸಾಹೇಬ್ರ?” ಎಂದ ಮೆಹಬೂಬಸಾಬ. ಅಮರಪ್ಪನವರಿಗೆ ತಟ್ಟನೆ ಚಹಾ ನೆನಪಾಯಿತು.

ಇಬ್ಬರೂ ಹುಡುಕಿದರು. ಆತ ತಾರೀಖು ನೋಡುತ್ತಿದ್ದ, ಆಕೆ ಹೆಬ್ಬೆಟ್ಟಿನ ಗುರುತು ನೋಡುತ್ತಿದ್ದಳು. ಕುಡುಗೋಲು ತಾಗಿದ ಗಾಯ ಆಕೆಯ ಹೆಬ್ಬೆಟ್ಟನ್ನು ಎರಡು ಹೋಳು ಮಾಡಿತ್ತು. ಸಾವಿರ ಗುರುತಿನಲ್ಲೂ ತನ್ನದು ಗೊತ್ತಾಗುತ್ತಿತ್ತು. ಶುಕ್ರವಾರ ಸಂಜೆಗೆ ಎರಡು ವರ್ಷದ ಪಟ್ಟಿ ಸಿಕ್ಕವು. ಮೂರನೆಯದು ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಹೆಸರುಗಳ ಲಕೋಟೆಗೆ ಅರಗಿನ ಮುದ್ರೆ ಬಿತ್ತು. ಒಂಬತ್ತೇ ವರ್ಷದ ಪಟ್ಟಿ ತೋರಿಸಿದವಳ ಹೆಸರು ಅದರಲ್ಲಿರಲಿಲ್ಲ.

ಮಂಗಳವಾರ, ಉಳಿದ ಗಂಟುಗಳನ್ನು ಸರಿಯಾದ ರುಮಾಲಿಗೆ ಕಟ್ಟುವಾಗ, ಆ ಪಟ್ಟಿ ಕೈಗೆ ಬಂತು.

“ಇಲ್ಲೈತಿ ನೋಡ್ರಿ,” ಎಂದಳು, ದನಿ ಏರಿಸದೆ.

ಮೆಹಬೂಬಸಾಬ ಅದನ್ನು ಹಿಡಿದು ಅಮರಪ್ಪನವರ ಬಳಿ ಓಡಿದ. ಬರುವಾಗ ನಿಧಾನ ಬಂದ. “ಮುಂದಿನ ಸಲ ನೋಡೂನು ಅಂತಾರ ಯಕ್ಕಾ.”

ಆಕೆ ಪಟ್ಟಿಯನ್ನು ಅದರ ಜೊತೆಯವುಗಳಲ್ಲಿ ಸೇರಿಸಿ ಗಂಟು ಬಿಗಿದಳು.

“ಅಷ್ಟ ಬಿಗಿಬ್ಯಾಡ, ಮತ್ತ ಬಿಚ್ಚೂದೈತಿ.”

“ಯಾರು ಬಿಚ್ಚತಾರ್ರೀ, ಸಾಬರ?”

ಆಕೆಯ ಕೈಯಲ್ಲಿ ಕಸಬರಿಗೆ ಇರುವಷ್ಟು ಕಾಲ ಆ ಮುಂದಿನ ಸಲ ಬರಲೇ ಇಲ್ಲ. ದಫ್ತರ ಕೋಣೆಯಲ್ಲಿ ಮಾತ್ರ ಯಾರು ಯಾವ ಕಾಗದ ಕೇಳಿದರೂ ಕೇಳಿದ ಗಳಿಗೆಗೆ ಸಿಗುತ್ತಿತ್ತು.