ಕರಡಿಗೆಯೊಳಗಿನ ಸಿಮ್ಮು

ಹರಪನಹಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಅರ್ಧ ಹಿಟ್ಟಿನ ಗಿರಣಿ, ಹಿಂದಿನ ಅರ್ಧ ಸಂಸಾರ. ಗಿರಣಿ ಶುರುವಾಯಿತೆಂದರೆ ಅಡುಗೆಮನೆಯ ಡಬ್ಬಿಗಳೆಲ್ಲ ತಾವಾಗಿಯೇ ಗಡಗಡ ಅನ್ನುತ್ತವೆ. ಯಾರು ಏನು ಹೇಳಿದರೂ ಬಾಯಿ ನೋಡಿಯೇ ತಿಳಿದುಕೊಳ್ಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಯಜಮಾನರು ಕೈಸನ್ನೆಯಲ್ಲೇ ನೀರು ಕೇಳುತ್ತಿದ್ದರು. ಇವರಿಗೆ ಮಾತು ಬರುವುದಿಲ್ಲವೇನೋ ಅಂತ ಎರಡು ದಿನ ಹೆದರಿಕೊಂಡಿದ್ದೆ. ಶಿವನ ದಯೆ, ಚೆನ್ನಾಗಿಯೇ ಬರುತ್ತಿತ್ತು. ಬೈಯುವಾಗ ಗೊತ್ತಾಯಿತು.

ಇಂಥ ಮನೆಗೆ ಫೋನು ಬಂದರೆ ಏನು ಕೇಳಿಸಬೇಕು ಹೇಳಿ. ನನ್ನ ಒಬ್ಬಳೇ ತಂಗಿಯನ್ನು ಬಾಗಳಿಗೆ ಕೊಟ್ಟಿತ್ತು. ಬಸ್ಸು ಹತ್ತಿದರೆ ದೂರವೇನಲ್ಲ, ಆದರೆ ಮನೆ ಬಿಟ್ಟು ಹೊರಡುವುದು ಇಬ್ಬರಿಗೂ ಆಗದ ಮಾತು. ಅವಳು ಫೋನು ಮಾಡಿದರೆ ನಾನು "ಆಂ? ಏನಂದಿ?" ಅನ್ನುವುದರಲ್ಲೇ ಮುಗಿಯುತ್ತಿತ್ತು. ಕೊನೆಗೆ ಒಂದು ಯುಗಾದಿಗೆ ಬಂದಾಗ ಅವಳೇ ನನ್ನ ಹೆಬ್ಬೆರಳು ಹಿಡಿದು, ಫೋನಿನಲ್ಲಿರುವ ಮೈಕಿನ ಚಿತ್ರದ ಮೇಲೆ ಒತ್ತಿಸಿದಳು. ವಾಯ್ಸ್ ಮೆಸೇಜು ಅನ್ನುತ್ತಾರಂತೆ ಅದಕ್ಕೆ.

"ಒತ್ತಿ ಹಿಡಕೊ ಅಕ್ಕಾ, ಮಾತಾಡು. ಕೈ ಬಿಟ್ಟಕೂಡ್ಲೆ ನನ್ನ ಕಡಿ ಬರ್ತೈತಿ."

"ಬಿಟ್ಟ ಮ್ಯಾಲೆ ಹೋಗೋದಾದ್ರ, ಹಿಡಕೊಂಡಾಗ ಎಲ್ಲಿರ್ತೈತಿ?"

"ನಿನ್ನ ಹೊಟ್ಟ್ಯಾಗಿರ್ತೈತಿ. ಮಾತಾಡವ್ವಾ ತಾಯಿ ಸುಮ್ನ!"

ಆಮೇಲೆ ದಿನಕ್ಕೆ ನಾಲ್ಕೈದು ಬರತೊಡಗಿದವು. ಕರೆಂಟು ಹೋಗಿ ಗಿರಣಿ ನಿಂತಾಗ ನಾನು ದೇವರ ಜಗಲಿಯ ಮುಂದೆ ಕೂತು ಒಂದೊಂದಾಗಿ ಕೇಳುತ್ತಿದ್ದೆ. ಊರಿಗೆಲ್ಲ ಕರೆಂಟು ಹೋದರೆ ಬೇಸರ, ನನಗೆ ಮಾತ್ರ ಹಬ್ಬ. ಇವತ್ತು ಪುಂಡಿಪಲ್ಯ ಮಾಡೀನಿ ಅಂತ ಒಂದು, ಕೂಸಿಗೆ ಹಲ್ಲು ಬಂತು ಅಂತ ಒಂದು. ಅತ್ತೆಯ ಮೇಲಿನ ದೂರು ಮಾತ್ರ ಪಿಸುಮಾತಿನಲ್ಲಿ, ಅದೂ ಬಚ್ಚಲುಮನೆಯಿಂದ. ಸೋಮವಾರ ಕಲ್ಲೇಶ್ವರನ ಗುಡಿ ಮುಂದೆ ನಿಂತು, "ಅಕ್ಕಾ, ನಿನ್ನ ಹೆಸರ್ಲೆ ಕಾಯಿ ಒಡಿಸೀನಿ, ಇನ್ನ ನೀ ನಿಶ್ಚಿಂತಿ ಇರು" ಅಂತ ಕಳಿಸುತ್ತಿದ್ದಳು. ನಾನು ನಿಶ್ಚಿಂತೆಯಾಗಿಯೇ ಇದ್ದೆ.

ಜ್ವರ ಅಂತ ದೊಡ್ಡಾಸ್ಪತ್ರೆಗೆ ಹೋದವಳು ಒಂಬತ್ತನೆಯ ದಿನ ಹೋಗಿಬಿಟ್ಟಳು. ಅವಳ ಫೋನು ಆ ಗದ್ದಲದಲ್ಲಿ ಎಲ್ಲಿ ಬಿತ್ತೋ, ಯಾರ ಕೈಗೆ ಸಿಕ್ಕಿತೋ, ಹುಡುಕುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೂಸಿಗೆ ಆಗ ಎರಡೂವರೆ ವರ್ಷ. ತಂಗಿಯ ಗಂಡ ಮತ್ತೊಂದು ಮದುವೆಯಾಗುವ ಮುಂಚೆ ಒಂದು ಬೆಳಗ್ಗೆ ಮಗುವನ್ನು ಎತ್ತಿಕೊಂಡು ಬಂದು, "ನಿಮ್ಮ ಹತ್ರಾನ ಇರ್ಲಿ ಅಕ್ಕಾರ" ಅಂದರು. ನನಗೆ ಮಕ್ಕಳಿರಲಿಲ್ಲ. ಶಿವ ಹೀಗೆ ಕೊಟ್ಟ ಅನ್ನಲು ಬಾಯಿ ಏಳಲಿಲ್ಲ, ಆದರೆ ಕೊಟ್ಟದ್ದಂತೂ ನಿಜ.

ತಂಗಿಯ ಮೆಸೇಜುಗಳೆಲ್ಲ ನನ್ನ ಫೋನಿನಲ್ಲಿದ್ದವು. ಹದಿನೈದು ದಿನ ಕಳೆದ ಮೇಲೆ ಒಮ್ಮೆ ಒತ್ತಿದೆ. "ಅಕ್ಕಾ" ಅಂದಳು. ಅಷ್ಟಕ್ಕೇ ನಿಲ್ಲಿಸಿಬಿಟ್ಟೆ. ಮುಂದೆ ಕೇಳುವ ಧೈರ್ಯವಾಗಲಿಲ್ಲ. ಎಲ್ಲಿಗೆ ಹೋಗುತ್ತವೆ, ಮನೆಯಲ್ಲೇ ಇವೆಯಲ್ಲ, ಕೂಸು ದೊಡ್ಡದಾಗಲಿ, ಇಬ್ಬರೂ ಕೂತು ಕೇಳಿದರಾಯಿತು ಅಂದುಕೊಂಡೆ.

ಎರಡು ವರ್ಷಕ್ಕೆ ಆ ಫೋನಿನ ಬ್ಯಾಟರಿ ಉಬ್ಬಿ, ಹಿಂದಿನ ಮುಚ್ಚಳ ತಾನಾಗಿಯೇ ಎದ್ದು ನಿಂತಿತು. ಸಿಡಿದುಬಿಟ್ಟೀತು ಅಂತ ಯಜಮಾನರು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಕರೆದೊಯ್ದರು. ಹಳೆಯದನ್ನು ಕೊಟ್ಟು ಹೊಸದು ತರುವುದು. ನಮ್ಮ ಮನೆಯೊಳಗೆ ಹಳೆಯ ನಂಬರಿಗೆ ಈಚೆಗೆ ಸಿಗ್ನಲ್ಲೇ ಬರುತ್ತಿರಲಿಲ್ಲವಾದ್ದರಿಂದ ಹೊಸ ಸಿಮ್ಮು ಕೂಡ. ಅಂಗಡಿಯವನು ಹಳೆಯ ಫೋನು ಕೈಯಲ್ಲಿ ಹಿಡಿದು ಕೇಳಿದ.

"ಬ್ಯಾಕಪ್ ತಗೊಂಡೀರೇನ್ರಿ ಅಮ್ಮಾರ?"

ಬ್ಯಾಕಪ್ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಹಿಂದೆ ನಾಲ್ಕು ಜನ ನಿಂತಿದ್ದರು. ಕೇಳಿದರೆ ನಗುತ್ತಾರೇನೋ ಅನ್ನಿಸಿತು. "ಹೂಂನ್ರಿ" ಅಂದೆ.

"ಹಂಗಾರ ರೀಸೆಟ್ ಹೊಡೀಲಾ?"

"ಹೂಂನ್ರಿ. ಆ ಸಿಮ್ ಮಾತ್ರ ನನ್ನ ಕೈಗೆ ಕೊಟ್ಬಿಡ್ರಿ."

ಅವನದೇನೂ ತಪ್ಪಿಲ್ಲ. ಕೇಳುವಷ್ಟು ಕೇಳಿದ. ನಾನು ನಂಬಿದ್ದು ಸಿಮ್ಮನ್ನು. ಅದಕ್ಕೂ ಮುಂಚಿನ ಗುಂಡಿ ಫೋನು ಕೆಟ್ಟಾಗ, ಸಿಮ್ಮು ತೆಗೆದು ಬೇರೆಯದಕ್ಕೆ ಹಾಕಿದ ಕೂಡಲೇ ಎಲ್ಲರ ಹೆಸರೂ ನಂಬರೂ ತಾವೇ ಬಂದಿದ್ದವು. ಜೀವವಿರುವುದು ಸಿಮ್ಮಿನಲ್ಲಿ, ಫೋನು ಬರೀ ಮೈ ಅಂತ ನನ್ನ ತಿಳುವಳಿಕೆ.

ನಮ್ಮ ಅತ್ತೆಯವರ ಹತ್ತಿರ ಲಿಂಗ ಇಡುವ ಬೆಳ್ಳಿಯ ಕರಡಿಗೆ ಎರಡಿದ್ದವು. ಒಂದು ಅವರ ಕೊರಳಲ್ಲೇ ಅವರ ಜೊತೆ ಹೋಯಿತು. ಹಳೆಯದು, ಕೊಂಡಿ ಮುರಿದದ್ದು, ಜಗಲಿಯ ಮೇಲೆ ಉಳಿದಿತ್ತು. ಸಿಮ್ಮನ್ನು ಹತ್ತಿಯಲ್ಲಿ ಸುತ್ತಿ ಅದರೊಳಗೆ ಇಟ್ಟೆ. ದಿನಾ ಪೂಜೆಯ ಹೊತ್ತಿಗೆ ಕರಡಿಗೆ ತೆರೆದು, ಸಿಮ್ಮಿಗೂ ಒಂದು ಚಿಟಿಕೆ ವಿಭೂತಿ ಮುಟ್ಟಿಸಿ, ಮುಚ್ಚಿ, ಮೇಲೊಂದು ಹೂವು ಇಡುತ್ತಿದ್ದೆ.

ಯಜಮಾನರು ಒಂದು ದಿನ ನೋಡಿಯೇಬಿಟ್ಟರು. "ಏನಲೇ, ಸಿಮ್ಮಿಗೂ ದೀಕ್ಷಾ ಕೊಟ್ಟೀ ಏನು?"

"ನಿಮಗೇನ್ರೀ ಕಷ್ಟ? ಅದು ಊಟ ಕೇಳಂಗಿಲ್ಲ, ಬೈಯಂಗಿಲ್ಲ."

ಹುಡುಗಿ ಬೆಳೆದಳು. ನನ್ನನ್ನು ದೊಡ್ಡವ್ವ ಅನ್ನುತ್ತಾಳೆ. ಹೆತ್ತವಳ ಫೋಟೊ ಗೋಡೆಯ ಮೇಲಿದೆ, ಅದರ ಕೆಳಗೇ ಕೂತು ಮಗ್ಗಿ ಬಾಯಿಪಾಠ ಮಾಡುತ್ತಾಳೆ. ಒಂದು ದಿನ ಕೇಳಿದಳು, "ದೊಡ್ಡವ್ವ, ನಮ್ಮವ್ವ ಹೆಂಗ ಮಾತಾಡ್ತಿದ್ಲು?" ನಾನು ಹೆಮ್ಮೆಯಿಂದ ಜಗಲಿ ತೋರಿಸಿದೆ. "ಅಲ್ಲೈತಿ ನೋಡು ನಿಮ್ಮವ್ವನ ದನಿ. ಮೂರನೇತ್ತಿ ಪಾಸಾಗು, ಕೇಳಸ್ತೀನಿ." ಅಂದಿನಿಂದ ಅವಳು ಗೆಳತಿಯರನ್ನು ಕರೆತಂದರೆ ಮೊದಲು ಕರಡಿಗೆಯನ್ನೇ ತೋರಿಸುವುದು. ಮುಟ್ಟಲು ಬಿಡುತ್ತಿರಲಿಲ್ಲ. "ಕೈ ತೊಳಕೊಂಡು ಬಾ ಮೊದ್ಲು" ಅಂತ ಗದರಿಸುತ್ತಿದ್ದಳು.

ಪಾಸಾದಳು. ಬೇಸಿಗೆ ರಜೆಯ ಮೊದಲ ಸೋಮವಾರ, ತಲೆಗೆ ಎಣ್ಣೆ ಹಚ್ಚಿಸಿಕೊಂಡು ಎರಡು ಜಡೆ ಹಾಕಿಸಿಕೊಂಡಳು, ತಾಯಿಯನ್ನು ನೋಡಲು ಹೊರಟವಳ ಹಾಗೆ. ಸೆರಗಿನಲ್ಲಿ ಕರಡಿಗೆ ಕಟ್ಟಿಕೊಂಡು ಇಬ್ಬರೂ ಮೊಬೈಲ್ ರಿಪೇರಿ ಮಾಡುವ ಬೇರೊಂದು ಅಂಗಡಿಗೆ ಹೋದೆವು. ಅಂಗಡಿಯವನು ಸಿಮ್ಮನ್ನು ತಿರುವಿ ಮುರುವಿ ನೋಡಿದ.

"ಅಮ್ಮಾರ, ನೀರಾಗ ಬಿದ್ದದ್ದು ನೋಡೀನಿ, ಸಾರಿನಾಗ ಬಿದ್ದದ್ದೂ ನೋಡೀನಿ. ವಿಭೂತಿ ಹಚ್ಕೊಂಡು ಬಂದಿದ್ದು ಇದೇ ಮೊದ್ಲು."

ಒರೆಸಿ ತನ್ನದೊಂದು ಫೋನಿಗೆ ಹಾಕಿದ. ಹುಡುಗಿ ಕಟ್ಟೆಗೆ ಗಲ್ಲ ಊರಿಕೊಂಡು ನಿಂತಿದ್ದಳು. ಅವನು ಅಲ್ಲಿ ಇಲ್ಲಿ ಒತ್ತಿ, "ನಂಬರ್ ಸತ್ತೈತ್ರಿ. ರೀಚಾರ್ಜ್ ಮಾಡದ ಬಿಟ್ರ ಹಂಗಾಗ್ತೈತಿ, ಬ್ಯಾರೆಯವ್ರಿಗೆ ಕೊಟ್ಟಬಿಡ್ತಾರ" ಅಂದ.

"ನಂಬರ್ ಹೋಗ್ಲಿ ಬಿಡಪ್ಪ. ಅದರಾಗ ಮಾತು ಅದಾವಲ್ಲ, ಅವನ್ನ ಹಚ್ಚು."

"ಸಿಮ್ಮಿನಾಗ ಎಲ್ಲೀ ಮಾತ್ರಿ? ಇಷ್ಟ ನೋಡ್ರಿ ಇರೋದು."

ತೋರಿಸಿದ. ಹನ್ನೊಂದು ಹೆಸರುಗಳಿದ್ದವು. ಏಳನೆಯದು "ತಂಗಿ". ಅದರ ಮುಂದೆ ಹತ್ತು ಅಂಕಿ.

"ಎಲ್ಲಿ ಒತ್ತಬೇಕು ದೊಡ್ಡವ್ವ?" ಅಂತ ಹುಡುಗಿ ಬೆರಳು ಚಾಚಿದಳು.

"ಮಷೀನ್ ಕೆಟ್ಟೈತಂತವ್ವಾ, ರಿಪೇರಿ ಆಗಬೇಕು" ಅಂದೆ. ನಾನು ಸುಳ್ಳು ಹೇಳುವವಳಲ್ಲ. ಆ ದಿನ ಹೇಳಿದೆ. ಅಂಗಡಿಯವನು ನನ್ನ ಸುಳ್ಳು ಬಯಲು ಮಾಡದೆ ಸಿಮ್ಮನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಕೊಟ್ಟ, ಅಷ್ಟು ಪುಣ್ಯ ಅವನಿಗೆ ಬರಲಿ.

ಎದುರುಮನೆಯಲ್ಲಿ ರಿಟೈರಾದ ಟೀಚರಮ್ಮ ಒಬ್ಬರಿದ್ದಾರೆ. ಮಧ್ಯಾಹ್ನ ಹುಡುಗಿ ಆಡಲು ಹೋದಾಗ ಅವರ ಪಡಸಾಲೆಯಲ್ಲಿ ಹೋಗಿ ಕೂತೆ. "ನನಗ ಮೊದಲಿಂದ ಹೇಳಿಕೊಡ್ರಿ ಟೀಚರ್ರ, ಯಾವುದು ಎಲ್ಲಿರ್ತೈತಿ ಅಂತ" ಅಂದೆ. ಅವರು ನಗಲಿಲ್ಲ. ಅರ್ಧ ಬರೆದಿದ್ದ ಹಳೆಯ ನೋಟುಬುಕ್ಕು ತಂದು, ಹೊಸ ಹಾಳೆಯಲ್ಲಿ ಒಂದೊಂದು ಶಬ್ದ ಬರೆದು ಹೇಳಿದರು. ಸಿಮ್ ಅಂದರೆ ಮನೆಯ ಬಾಗಿಲಿಗೆ ಹೊಡೆದ ನಂಬರಿನ ತಗಡು, ಅಷ್ಟೇ. ಸ್ಟೋರೇಜ್ ಅಂದರೆ ಮನೆಯ ಅಟ್ಟ, ಸಾಮಾನೆಲ್ಲ ಇರುವುದು ಅಲ್ಲಿ. ರೀಸೆಟ್ ಅಂದರೆ ಎಲ್ಲ ಹೊರಗೆ ಹಾಕಿ ಸುಣ್ಣ ಹೊಡೆದು, ಬೀಗದಕೈ ಮುಂದಿನವರಿಗೆ ಕೊಡುವುದು.

"ಮತ್ತ ಬ್ಯಾಕಪ್ಪು?"

"ಉಪ್ಪಿನಕಾಯಿ ಹಾಕಿದಾಗ ಒಂದು ಭರಣಿ ತವರಿಗೆ ಕಳಿಸ್ತೀಯಲ್ಲ, ಹಂಗ. ನಿಂದು ಬೂಸ್ಲು ಬಂದ್ರ ಅಲ್ಲಿಂದ ತರಬಹುದು."

ಎಷ್ಟು ಸುಲಭದ ಮಾತು. ಫೋನು ಬದಲಿಸಿದ ದಿನ ಅಂಗಡಿಯಲ್ಲಿ ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೆ ಅವನೂ ಇದನ್ನೇ ಹೇಳುತ್ತಿದ್ದನೋ ಏನೋ. ಉಪ್ಪಿನಕಾಯಿ ಗೊತ್ತಿರುವ ಯಾವ ಹೆಂಗಸಿಗೂ ಇದು ತಿಳಿಯುತ್ತಿತ್ತು.

ಟೀಚರಮ್ಮ ಅಷ್ಟಕ್ಕೇ ಬಿಡಲಿಲ್ಲ. ಕೆಲವು ಫೋನುಗಳು ನಮಗೆ ಗೊತ್ತಿಲ್ಲದೆಯೇ ತಾವೇ ಒಂದು ಭರಣಿ ಕಳಿಸಿರುತ್ತವಂತೆ, ಮೇಲ್ ಐಡಿ ಇದ್ದರೆ ನೋಡಬಹುದು ಅಂದರು. ನಾನು ಮನೆಗೆ ಓಡಿದೆ. ಆ ಫೋನಿನ ಡಬ್ಬಿ ನನ್ನ ಹತ್ತಿರವೇ ಇತ್ತು, ಸೂಜಿ ದಾರ ಇಟ್ಟುಕೊಂಡಿದ್ದೆ. ಅದರ ಒಳಮುಚ್ಚಳದಲ್ಲಿ, ಫೋನು ಮಾರಿದವನು ಪೆನ್ನಿನಲ್ಲಿ ಮೇಲ್ ಐಡಿ ಬರೆದುಕೊಟ್ಟಿದ್ದ. ಪಾಸ್‌ವರ್ಡು ಬರೆದಿರಲಿಲ್ಲ. ಮರೆತಿದ್ದೇವೆ ಅಂತ ಒತ್ತಿದರೆ, ಓಟಿಪಿ ಕಳಿಸುತ್ತೇವೆ ಅಂತ ಬಂತು. ಕಳಿಸುವುದು ನನ್ನ ಹಳೆಯ ನಂಬರಿಗೆ.

ಹಳೆಯ ನಂಬರಿಗೆ ಫೋನು ಮಾಡಿದೆವು. ರಿಂಗಾಯಿತು. ನನ್ನದೇ ನಂಬರಿನಿಂದ ಯಾರೋ ಗಂಡಸು "ಹಲೋ, ಯಾರ್ರೀ?" ಅಂದರು. ಟೀಚರಮ್ಮ ಸಮಾಧಾನವಾಗಿ ಎಲ್ಲ ಹೇಳಿದರು: ಈ ನಂಬರು ಮೊದಲು ನಮ್ಮದು, ತೀರಿಹೋದವಳ ಮಾತುಗಳಿವೆ, ಈಗ ನಿಮಗೊಂದು ಓಟಿಪಿ ಬರುತ್ತದೆ, ದಯಮಾಡಿ ಅದನ್ನು ಓದಿ ಹೇಳಿ.

ಆತ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಓಟಿಪಿ ಬೇಕೇನ್ರಿ? ಸತ್ತವರ ಹೆಸರು ಹೇಳ್ಕೊಂಡು ಈ ದಂಧೆ ಶುರು ಮಾಡೀರಾ? ನಾಚಿಕಿ ಆಗಬೇಕು" ಅಂದರು.

ನಾನು ಫೋನು ಕಸಿದುಕೊಂಡು, "ಅಣ್ಣಾರ, ಕಲ್ಲೇಶ್ವರನ ಆಣಿ ಮಾಡಿ ಹೇಳ್ತೀನ್ರಿ, ಕೂಸಿಗೆ ತಾಯಿ ದನಿ ನೆನಪಿಲ್ರಿ" ಅಂದೆ.

"ಪೊಲೀಸ್ರ ಮುಂದ ಮಾಡ್ರಿ ಆಣಿ" ಅಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಹೋಗಲಿಲ್ಲ. ಬ್ಲಾಕು ಅಂದರು ಟೀಚರಮ್ಮ. ಅದೊಂದು ಶಬ್ದವನ್ನು ಅವರು ನೋಟುಬುಕ್ಕಿನಲ್ಲಿ ಬರೆಯಲಿಲ್ಲ.

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಯಾರಿಗೂ ಓಟಿಪಿ ಹೇಳಬೇಡಿ ಅಂತ ನಾನೇ ಯಜಮಾನರಿಗೆ ದಿನಾ ಹೇಳುತ್ತೇನೆ. ಅವರ ಮನೆಯವರನ್ನು ದೇವರು ಚೆನ್ನಾಗಿಟ್ಟಿರಲಿ. ನಮ್ಮಂಥವರ ಮಾತಿಗೂ ಕಳ್ಳರ ಮಾತಿಗೂ ಫೋನಿನಲ್ಲಿ ಏನು ವ್ಯತ್ಯಾಸ ಕೇಳಿಸುತ್ತದೆ?

ಕೊನೆಗೆ ತಂಗಿಯ ಮದುವೆಯ ವಿಡಿಯೊ ನೆನಪಾಯಿತು. ಬಾಗಳಿಯಿಂದ ಸಿಡಿ ತರಿಸಿ ಟೀಚರಮ್ಮನ ಮನೆಯಲ್ಲೇ ಹಾಕಿ ನೋಡಿದೆವು. ಅರಿಶಿನದ ಮೈಯಲ್ಲಿ ತಂಗಿ ಬಾಯಿ ತುಂಬ ನಗುತ್ತಾಳೆ, ನನ್ನ ಕಡೆ ತಿರುಗಿ ಏನೋ ಹೇಳುತ್ತಾಳೆ, ನಾನು ಅವಳ ತಲೆಗೆ ಮೊಟಕುತ್ತೇನೆ. ಸ್ಟುಡಿಯೊದವರು ಮೊದಲಿನಿಂದ ಕೊನೆಯತನಕ ಸಿನಿಮಾ ಹಾಡು ಹಾಕಿಬಿಟ್ಟಿದ್ದರು. ಮದುವೆಗೆ ಬಂದ ಅಷ್ಟೂ ಜನರ ಬಾಯಿ ಅಲ್ಲಾಡುತ್ತದೆ, ಹಾಡು ಒಂದೇ ಕೇಳಿಸುತ್ತದೆ. ಆಗ ನಾವೇ ಕೂತು ಆರಿಸಿಕೊಟ್ಟಿದ್ದ ಹಾಡುಗಳು.

ಜೂನಿನಲ್ಲಿ ಶಾಲೆ ಶುರುವಾಗುವ ಹಿಂದಿನ ದಿನ ಹುಡುಗಿ ಒಲೆಯ ಹತ್ತಿರ ಬಂದು ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ರಿಪೇರಿ ಆತೇನು ದೊಡ್ಡವ್ವ?"

ಇನ್ನು ಮುಚ್ಚಿಟ್ಟರೆ ಶಿವ ಮೆಚ್ಚುವುದಿಲ್ಲ ಅನ್ನಿಸಿತು. "ಇಲ್ಲವ್ವಾ. ಅದು ರಿಪೇರಿ ಆಗೂದಲ್ಲ. ನಿಮ್ಮವ್ವನ ದನಿ ಆ ಸಿಮ್ಮಿನಾಗ ಇರಲೇ ಇಲ್ಲ. ಫೋನಿನಾಗಿತ್ತು. ಫೋನು ನಾನೇ ಕೊಟ್ಟುಬಿಟ್ಟೆ. ಅಳಿಸು ಅಂತಾನೂ ನಾನೇ ಹೇಳಿದೆ."

"ಎಲ್ಲಾ?"

"ಎಲ್ಲಾ."

ಹಿಟ್ಟಿನಲ್ಲಿ ಬೆರಳಾಡಿಸಿದಳು. "ಹಂಗಾರ ನೀನೇ ಮಾಡಿ ತೋರಿಸು, ಹೆಂಗ ಮಾತಾಡ್ತಿದ್ಲು."

ಕೈ ಒರೆಸಿಕೊಂಡೆ. "ಅಕ್ಕಾ, ಇವತ್ತು ಪುಂಡಿಪಲ್ಯ ಮಾಡೀನಿ" ಅಂದೆ. ಇನ್ನೊಮ್ಮೆ, ಸಣ್ಣ ದನಿ ಮಾಡಿ ಅಂದೆ. ಮೂಗಿನಿಂದ ಎಳೆದು ಅಂದೆ.

"ಇದು ನಿನ್ನ ದನಿ" ಅಂದಳು ಹುಡುಗಿ.

"ಹೌದವ್ವಾ, ನಂದೇ."

ಅವಳು ಅಳಲಿಲ್ಲ. ನೆನಪೇ ಇಲ್ಲದ ದನಿಗೆ ಏನಂತ ಅಳುತ್ತಾಳೆ? ತಟ್ಟೆ ಹಾಕಿಕೊಂಡು ಎರಡು ರೊಟ್ಟಿ ಉಂಡಳು, ಮೇಲೆ ಮೊಸರು ಕೇಳಿದಳು. ಹೊಟ್ಟೆ ತುಂಬ ಉಂಡಳಲ್ಲ, ಅದೊಂದನ್ನು ಶಿವ ಉಳಿಸಿಕೊಟ್ಟ ಅಂದುಕೊಂಡೆ. ಆ ದಿನದ ಮೇಲೆ ಅವಳು ಕೇಳಿಲ್ಲ. ಗೆಳತಿಯರು ಬಂದರೆ ಹೊರಗೇ ಆಡಿಸಿ ಕಳಿಸುತ್ತಾಳೆ.

ಅವಳಿಗೆ ಹೇಳದ್ದು ಒಂದಿದೆ. ಒಲೆಯ ಮುಂದೆ ಆ ಮೂರು ಸಲ ಪ್ರಯತ್ನಿಸಿದೆನಲ್ಲ, ಆಗಲೇ ನನಗೆ ಗೊತ್ತಾದದ್ದು. ತಂಗಿಯ ಮಾತುಗಳು ಒಂದೂ ಬಿಡದೆ ನೆನಪಿವೆ, ಪುಂಡಿಪಲ್ಯದ್ದು, ಹಲ್ಲಿನದು, ಬಚ್ಚಲುಮನೆಯ ದೂರು. ಎಲ್ಲ ಹಾಳೆಯ ಮೇಲೆ ಬರೆದ ಹಾಗೆ ಬರುತ್ತವೆ. ಅವಳ ದನಿ ಹೇಗಿತ್ತು ಅಂತ ನನಗೂ ಈಗ ಕೇಳಿಸುವುದಿಲ್ಲ.